ಫಿಲೊಮೆನ್ ಅತ್ತೆಯ ಬಿಳುಪು

ಒಂದು ಸೋಮವಾರ ನಾನು ಕ್ಲಿಶಿಯ ಗ್ಯಾಸ್ ಕಾರ್ಖಾನೆಯ ಕುಲುಮೆಗಳಿಗೆ ಎಷ್ಟು ಕಲ್ಲಿದ್ದಲು ತುಂಬಿದೆನೆಂದರೆ, ಅಂಗಳದ ದೊಡ್ಡ ಗ್ಯಾಸ್ ಟ್ಯಾಂಕು ಉಬ್ಬಿ ಉಬ್ಬಿ ನೆಲ ಬಿಟ್ಟು ಮೇಲೆದ್ದಿತು. ಅದರ ತಳ ಚರ್ಚಿನ ಗೋಪುರದ ತಗಡಿನ ಹುಂಜಕ್ಕೆ ತಾಗಿ, ಹುಂಜ ಕೂಗಿತು. ಪ್ಯಾರಿಸ್ಸಿನ ಕಡೆ ತೇಲಿಹೋಗುತ್ತಿದ್ದ ಆ ಟ್ಯಾಂಕಿಗೆ ನಮ್ಮ ಅತ್ತೆಯ ಬಟ್ಟೆ ಒಣಹಾಕುವ ಹಗ್ಗ ಬೀಸಿ, ಒಂದೇ ಕೈಯಲ್ಲಿ ಎಳೆದು ಕೆಳಗಿಳಿಸಿದವನು ನಾನು, ಅನತೋಲ್ ಬ್ರಿಕೂ. ಇನ್ನೊಂದು ಕೈಯಲ್ಲಿ ಬ್ರೆಡ್ಡು ಇತ್ತು. ಊಟದ ಹೊತ್ತು ನೋಡಿ.

ಅತ್ತೆ ಅದಕ್ಕೆ ಹೇಳಿದ್ದು ಒಂದೇ ಮಾತು: "ಹಗ್ಗಕ್ಕೆ ಮಸಿ ಹತ್ತಿಸಿದ್ಯಲ್ಲೋ, ದರಿದ್ರದವನೇ!"

ನಮ್ಮ ಫಿಲೊಮೆನ್ ಅತ್ತೆಗೆ ಲೋಕದಲ್ಲಿ ಇದ್ದದ್ದು ಎರಡೇ ವಸ್ತು, ಮಸಿ ಮತ್ತು ಬಿಳುಪು. ಅವರದು ಒಗೆತದ ಮನೆ. ಮುಂದಿನ ಕೋಣೆಯಲ್ಲಿ ನನ್ನ ಹೆಂಡತಿ ಜೆಲಿ ಇಸ್ತ್ರಿ ಮಾಡುತ್ತಾಳೆ. ಈಗಲೂ ಮಾಡುತ್ತಿದ್ದಾಳೆ, ನಾನು ಹೇಳುವುದೆಲ್ಲ ಅವಳ ಕಿವಿಗೆ ಬೀಳುತ್ತಿದೆ, ಬೀಳಲಿ. ಹಿಂದಿನ ಕೊಟ್ಟಿಗೆಯಲ್ಲಿ ಬೂದಿನೀರು ಕುದಿಯುವ ಹಂಡೆ. ಅಲ್ಲಿ ಆಗ ನಮ್ಮ ಮಗಳು ಬೆರ್ತ್ ಒಗೆದು ಹಿಂಡುತ್ತಿದ್ದಳು. ಕೊಟ್ಟಿಗೆಯ ಆಚೆ ಒಣಹಾಕುವ ಬಯಲು, ಬಯಲಿನ ಬೇಲಿಗೆ ಅಂಟಿಕೊಂಡಂತೆ ನಮ್ಮ ಕಾರ್ಖಾನೆಯ ಟ್ಯಾಂಕುಗಳು ಮತ್ತು ಚಿಮಣಿಗಳು. ಅಂದರೆ ಅಳಿಯ ಹಗಲೆಲ್ಲ ಹೊಗೆ ಬಿಡುತ್ತಿದ್ದ, ಅತ್ತೆ ಹಗಲೆಲ್ಲ ಅದನ್ನು ತೊಳೆಯುತ್ತಿದ್ದರು. ಕ್ಲಿಶಿಯ ಅರ್ಧ ವ್ಯಾಪಾರ ನಮ್ಮಿಬ್ಬರ ಜಗಳದಿಂದಲೇ ನಡೆಯುತ್ತಿತ್ತು.

ಒಣಗಿದ ಪ್ರತಿ ಬಟ್ಟೆಯೂ ಇಸ್ತ್ರಿಗೆ ಹೋಗುವ ಮೊದಲು ಕಿಟಕಿಯ ಪಕ್ಕದ ಕುರ್ಚಿಗೆ, ಅಂದರೆ ಅತ್ತೆಯ ಕೈಗೆ, ಬರಬೇಕು. ಅವರು ಅದನ್ನು ಬೆಳಕಿಗೆ ಹಿಡಿದು ಮೂಗಿನ ತುದಿಗೆ ತಂದು ನೋಡುತ್ತಿದ್ದರು. "ಹೂಂ" ಅಂದರೆ ಜೆಲಿಗೆ, "ಥೂ" ಅಂದರೆ ಮತ್ತೆ ಹಂಡೆಗೆ. ಬೀದಿಯ ಹೆಂಗಸರೆಲ್ಲ ಈ ಕೆಲಸ ಕಲಿತದ್ದು ಅವರ ಕೈಕೆಳಗೆ. ಹಾಗಾಗಿ ನಮ್ಮ ಬೀದಿಯಲ್ಲಿ ಯಾವ ಬಟ್ಟೆಯನ್ನೂ ಗೇಣಿಗಿಂತ ದೂರದಿಂದ ಯಾರೂ ನೋಡಿದವರಲ್ಲ. ಒಂದು ಮದುವೆಯಲ್ಲಿ ಇವರೆಲ್ಲ ಮದುಮಗಳ ಬಿಳಿ ಅಂಗಿಯನ್ನು ಮೂಗಿನಿಂದ ಪರೀಕ್ಷೆ ಮಾಡಿದ ರಭಸಕ್ಕೆ ಆ ಹುಡುಗಿ ಪಾದ್ರಿಯ ತೊಡೆಯ ಮೇಲೆ ಹೋಗಿ ಕೂತಳು.

ಒಂದು ಚಳಿಗಾಲದಿಂದ ಮನೆಯಲ್ಲಿ "ಥೂ" ಕೇಳಿಸುವುದೇ ನಿಂತಿತು. ಎಲ್ಲದಕ್ಕೂ "ಹೂಂ". ಅತ್ತೆಗೆ ವಯಸ್ಸಾಯಿತು, ಕೋಪ ಇಳಿಯಿತು ಎಂದು ನಾನು ಗೆಳೆಯರಿಗೆ ವೈನ್ ಕುಡಿಸಿದೆ. ಆಮೇಲೊಂದು ದಿನ ಜೆಲಿ ಇಸ್ತ್ರಿಯ ಮೇಜಿನ ಮೇಲೆ ಒಂದು ದಿಂಬಿನ ಚೀಲ ಹರಡಿ, ಸುಮ್ಮನೆ ನನ್ನನ್ನು ಕರೆದು ತೋರಿಸಿದಳು. ಅಂಗೈಯಗಲ ಮಸಿ. ಅತ್ತೆ "ಹೂಂ" ಅಂದ ಚೀಲ ಅದು.

ಅಂದಿನಿಂದ ಜೆಲಿ, ಬೆರ್ತ್ ಇಬ್ಬರೂ ಅತ್ತೆ ಊಟ ಮಾಡಿ ಒಂದು ಜೋಂಪು ತೆಗೆಯುವ ಹೊತ್ತಿಗೆ, ಪಾಸಾದ ಬಟ್ಟೆಯನ್ನು ಕದ್ದು ಮತ್ತೆ ಒಗೆಯತೊಡಗಿದರು.

"ಅಮ್ಮ, ಒಂದೇ ಬಟ್ಟೆ ಎರಡೆರಡು ಸಲ ಒಗೆಯೋಕೆ ನನ್ನ ಕೈಯೇನು ಕಬ್ಬಿಣದ್ದಾ?" ಎಂದಳು ಬೆರ್ತ್, ಮಾರ್ಚ್ ತಿಂಗಳ ಒಂದು ಮಧ್ಯಾಹ್ನ. ಒಳಗೆ ಅತ್ತೆಯ ಗೊರಕೆ ಕೇಳುತ್ತಿತ್ತು. "ಅಜ್ಜಿಗೆ ಹೇಳ್ಬಿಡು."

"ಏನಂತ ಹೇಳ್ಲಿ? ನಿನ್ನ ಕಣ್ಣು ಹೋಯ್ತು, ಕಿಟಕಿ ಬಿಟ್ಟು ಎದ್ದೇಳು ಅಂತಲಾ?"

"ಹೂಂ, ಹಾಗೇ."

"ಅಷ್ಟು ಧೈರ್ಯ ಇದ್ರೆ ನೀನೇ ಹೇಳು ತಾಯಿ."

"ಅಪ್ಪ ಹೇಳ್ಲಿ."

ಇಬ್ಬರೂ ನನ್ನ ಕಡೆ ತಿರುಗಿದರು. ಜಾತ್ರೆಯ ಸರ್ಕಸ್ಸಿನಿಂದ ತಪ್ಪಿಸಿಕೊಂಡ ಸಿಂಹಕ್ಕೆ ನನ್ನ ಸೊಂಟದ ಪಟ್ಟಿ ಕಟ್ಟಿ ಮನೆಗೆ ಬಿಟ್ಟುಬಂದವನು ನಾನು. ಬಾಯಲ್ಲಿ ಆಲೂಗಡ್ಡೆ ಇತ್ತು. "ನೋಡೋಣ" ಎಂದೆ.

"ನೋಡೋಣ ಅಂತೆ!" ಬೆರ್ತ್ ಒದ್ದೆ ಬಟ್ಟೆಯನ್ನು ತೊಟ್ಟಿಗೆ ಬಡಿದಳು. "ಹೇಳಬೇಕಾದ್ದು ಬಿಟ್ಟು ಬೇರೆಲ್ಲ ಹೇಳ್ತೀರ ನೀವು."

ಏಪ್ರಿಲ್‌ನಲ್ಲಿ ವಾಸರ್ ಬಂದ. ಚಿತ್ರಗಾರ. ಎಷ್ಟು ತೆಳ್ಳಗಿದ್ದನೆಂದರೆ ಅವನೂ ಅವನ ಕೊಡೆಯೂ ಬಾಗಿಲಲ್ಲಿ ನಿಂತಾಗ ಅತ್ತೆ ಕೊಡೆಗೆ ನಮಸ್ಕಾರ ಹೇಳಿದರು. ಅದಕ್ಕೂ ಕಣ್ಣೇ ಕಾರಣವಿರಬಹುದು, ನಾವು ನಕ್ಕುಬಿಟ್ಟೆವು. ನಮ್ಮ ಬಯಲಿನಲ್ಲಿ ನಿಂತು ಚಿತ್ರ ಬರೆಯಲು ಅವನಿಗೆ ಅಪ್ಪಣೆ ಬೇಕಿತ್ತು. ಅಲ್ಲಿಂದ ಟ್ಯಾಂಕು, ಚಿಮಣಿ, ನದಿ, ಸೇತುವೆ ಎಲ್ಲವೂ ಒಟ್ಟಿಗೆ ಕಾಣುತ್ತವಂತೆ.

"ಆ ಹಾಳು ಚಿಮಣಿ ಚಿತ್ರ ಬರಿಯೋಕೆ ಪ್ಯಾರಿಸ್ಸಿಂದ ಬಂದ್ಯಾ?" ಎಂದರು ಅತ್ತೆ. "ಅಲ್ಲಿ ಚಿಮಣಿ ಇಲ್ವಾ?"

"ನಿಮ್ಮ ಬಟ್ಟೆನೂ ಬರೀತೀನಿ ಅಮ್ಮಾವ್ರೇ. ಹಗ್ಗದ ತುಂಬ ಹಾಸಿಗೆಯ ಬಿಳಿ ಹಾಸು ಬೀಸ್ತಾ ಇರುತ್ತಲ್ಲ, ಅದೇ ಮುಂದೆ ಬರೋದು."

ಅತ್ತೆ ತಲೆಗೆ ಕಟ್ಟಿದ್ದ ಬಟ್ಟೆ ಸರಿಮಾಡಿಕೊಂಡರು. "ಹಾಗಾದ್ರೆ ನಿಂತ್ಕೋ. ಚಿಮಣಿ ಬಿಟ್ಟುಹೋದ್ರೂ ಪರವಾಗಿಲ್ಲ, ಬಟ್ಟೆ ಮಾತ್ರ ಬಿಡಬೇಡ."

ಆತ ವಾರಗಟ್ಟಲೆ ನಿಂತ. ಗೆರೆ ಎಳೆಯುವುದಿಲ್ಲ, ಬಣ್ಣ ಬಳಿಯುವುದಿಲ್ಲ. ಒಂದು ಚುಕ್ಕೆ ಇಟ್ಟು ಹಿಂದೆ ಹೋಗಿ ನೋಡುತ್ತಾನೆ, ಮತ್ತೆ ಬಂದು ಇನ್ನೊಂದು ಚುಕ್ಕೆ. ಹೀಗೆ ಹಿಂದಕ್ಕೂ ಮುಂದಕ್ಕೂ ನಡೆದು ನಮ್ಮ ಬಯಲಿನಲ್ಲಿ ಅವನು ಸವೆಸಿದ ಕಾಲುದಾರಿಯಲ್ಲಿ ಮಳೆ ಬಂದಾಗ ದೋಣಿ ಹೋಗುತ್ತಿತ್ತು. ಮಧ್ಯಾಹ್ನ ನಮ್ಮೊಂದಿಗೇ ಊಟಕ್ಕೆ ಕೂರುತ್ತಿದ್ದ. ಎಲೆಕೋಸಿನ ಸೂಪಿನಲ್ಲಿ ಹಂದಿಕೊಬ್ಬಿನ ತುಂಡು ಒಂದೇ ಇದ್ದರೆ ಅತ್ತೆ ಅದನ್ನು ಅವನ ತಟ್ಟೆಗೆ ಹಾಕುತ್ತಿದ್ದರು.

"ಕಲ್ಲಿದ್ದಲು ಎತ್ತೋನು ನಾನು, ಕೊಬ್ಬು ಚುಕ್ಕೆ ಇಡೋನಿಗಾ?" ಎಂದೆ ಒಂದು ದಿನ.

"ನೀನು ಎತ್ತಿದ್ದೆಲ್ಲ ನನ್ನ ಹಾಸಿನ ಮೇಲೆ ಬೀಳುತ್ತಲ್ಲಪ್ಪ, ಅಳಿಯಾ. ಅವನು ಇಟ್ಟಿದ್ದು ಅವನ ಹಲಗೆ ಮೇಲೇ ಇರುತ್ತೆ."

ಬೆರ್ತ್ ಎದ್ದು ಹೋಗಿ ಬಾಗಿಲ ಬಳಿ ಒರಗಿಸಿಟ್ಟ ಚಿತ್ರಕ್ಕೆ ಮೂಗು ತಾಗಿಸಿ ನೋಡಿದಳು, ಮನೆಯ ಪದ್ಧತಿಯಂತೆ. "ಮೊಸ್ಯೂ, ಹಾಸಿನಲ್ಲಿ ಕಿತ್ತಳೆ ಚುಕ್ಕೆ ಇದೆ! ನೇರಳೆ ಇದೆ. ಇದೇನು, ಹಸಿರು ಬೇರೆ!"

"ಅಷ್ಟು ಹತ್ತಿರದಿಂದ ನೋಡಬಾರದು," ಎಂದ ವಾಸರ್, ಚಮಚ ಎತ್ತಿ. "ದೂರ ನಿಂತ್ಕೊಳ್ಳಿ. ಕಣ್ಣೇ ಎಲ್ಲ ಬೆರೆಸ್ಕೊಂಡು ಬಿಳಿ ಮಾಡುತ್ತೆ."

"ದೂರದಿಂದ ನನ್ನ ಅಳಿಯನೂ ಗಂಡಸಿನ ಹಾಗೇ ಕಾಣ್ತಾನೆ," ಎಂದರು ಅತ್ತೆ. ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ, ಸೂಪಿನ ಬೋಗುಣಿ ಒಡೆಯಿತು.

ಅತ್ತೆ ಮಾತ್ರ ಚಿತ್ರದ ಹತ್ತಿರ ಹೋಗಲೇ ಇಲ್ಲ. "ಮುಗೀಲಿ, ಆಮೇಲೆ ನೋಡ್ತೀನಿ. ಅರ್ಧ ಒಗೆದ ಬಟ್ಟೆ ಯಾರಾದ್ರೂ ಕಿಟಕಿಗೆ ತರ್ತಾರಾ?"

ಮೇ ತಿಂಗಳಿಗೆ ಮನೆ ಕೆಟ್ಟಿತು. ಜೆಲಿಗೆ ಇಸ್ತ್ರಿ ತಗುಲಿ ಬಲಗೈ ಸುಟ್ಟಿತು. ಅಂದರೆ ಎರಡನೇ ಒಗೆತವೆಲ್ಲ ಬೆರ್ತ್ ಒಬ್ಬಳ ಪಾಲಿಗೆ ಬಂತು. ಅವಳು ಸೊಂಟಕ್ಕೆ ಕಟ್ಟಿದ್ದ ಏಪ್ರನ್ನು ಬಿಚ್ಚಿ ಹಂಡೆಯ ಮೇಲೆ ಎಸೆದಳು.

"ನನ್ನ ಕೈಲಾಗಲ್ಲ. ಅಜ್ಜಿ ಪಾಸು ಮಾಡಿದ್ದು ಹಾಗೇ ಹೋಗ್ಲಿ."

"ಹೋದ್ರೆ ವಾಪಸ್ ಬರುತ್ತೆ ಕಣೇ!"

"ಬರ್ಲಿ. ಆಗಾದ್ರೂ ಅಜ್ಜಿಗೆ ತಿಳಿಯುತ್ತೆ."

"ನಿನ್ನ ಅಜ್ಜಿಗೆ ಇರೋದು ಆ ಕುರ್ಚಿ ಒಂದೇ. ಅದನ್ನೂ ಕಿತ್ಕೋತೀಯಾ?"

"ನನಗೆ ಇರೋದೂ ಎರಡೇ ಕೈ ಅಮ್ಮ."

ಆ ವಾರದ ಗಂಟು ಸೇತುವೆ ದಾಟಿ ಅಸ್ನಿಯೇರಿನ ಮದಾಮ್ ತೂಸೆಯ ಹೋಟೆಲಿಗೆ ಹಾಗೇ ಹೋಯಿತು. ತೂಸೆ ನಮ್ಮ ದೊಡ್ಡ ಗಿರಾಕಿ. ಭಾನುವಾರ ದೋಣಿವಿಹಾರಕ್ಕೆ ಬರುವ ಪ್ಯಾರಿಸ್ಸಿನವರೆಲ್ಲ ಆಕೆಯ ಮೇಜುಗಳಲ್ಲಿ ಹುರಿದ ಮೀನು ತಿನ್ನುತ್ತಿದ್ದರು, ಆ ಮೇಜುಗಳ ಮೇಲೆಲ್ಲ ನಮ್ಮ ಬಟ್ಟೆ. ಮೂರು ಮೇಜುಬಟ್ಟೆ ಮಸಿಯ ಗುರುತಿನೊಂದಿಗೆ ತಿರುಗಿ ಬಂದವು. ಜೆಲಿ ಅವನ್ನು ಹಾಸಿಗೆಯ ಕೆಳಗೆ ಬಚ್ಚಿಟ್ಟಳು.

ಅದೇ ಹೊತ್ತಿಗೆ ವಾಸರ್ ಚಿತ್ರ ಮುಗಿಸಿ, ಯಾರಾದರೂ ಕೊಳ್ಳುವವರು ಕಂಡಾರು ಎಂದು ತೂಸೆಯ ಊಟದ ಕೋಣೆಯಲ್ಲೇ ನೇತುಹಾಕಿದ. ನಮ್ಮ ಬೀದಿಯ ಹೆಂಗಸರು ನೋಡಲು ಹೋದರು. ಹೋಗಿ ಏನು ಮಾಡುತ್ತಾರೆ? ಸಾಲಾಗಿ ಚಿತ್ರಕ್ಕೆ ಮೂಗು ಹಚ್ಚಿ ನಿಂತರು. ಅಯ್ಯೋ, ಫಿಲೊಮೆನ್ ಹಾಸಿನ ಮೇಲೆ ನೇರಳೆ ಕಲೆ! ಕಿತ್ತಳೆ ಕಲೆ! ತುಕ್ಕಾ? ಹೊಗೆಯಾ? ಸುದ್ದಿ ಅವರಿಗಿಂತ ಮೊದಲು ಸೇತುವೆ ದಾಟಿತು. ಸಂಜೆಯ ಹೊತ್ತಿಗೆ ಬೆಲ್ಜಿಯಂನಲ್ಲೂ ಗೊತ್ತಿತ್ತು.

ಗುರುವಾರ ಮದಾಮ್ ತೂಸೆಯೇ ನಮ್ಮ ಬಾಗಿಲಿಗೆ ಬಂದಳು.

"ಚಿತ್ರದಲ್ಲೂ ಕಲೆ, ಮೇಜಿನ ಮೇಲೂ ಕಲೆ, ಫಿಲೊಮೆನಮ್ಮ. ವಾಪಸ್ ಕಳಿಸಿದ್ದಕ್ಕೆ ಒಂದು ಉತ್ತರಾನೂ ಇಲ್ಲ."

"ಏನು ವಾಪಸ್ ಕಳಿಸಿದ್ದು?" ಎಂದರು ಅತ್ತೆ.

ಜೆಲಿ ಸುಟ್ಟ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಬೆರ್ತ್ ನೆಲ ನೋಡಿದಳು. ನಾನು ಚಾವಣಿ ನೋಡಿದೆ, ಅದು ಬಿರುಕು ಬಿಟ್ಟಿತು.

"ಗಿರಾಕಿಗಳು ಬಾಯಿಗೆ ಬಂದ ಹಾಗೆ ಮಾತಾಡ್ತಿದಾರೆ. ಭಾನುವಾರ ನೀವೇ ಬಂದು ಚಿತ್ರ ನೋಡಿ, ಏನು ಹೇಳ್ತೀರೋ ಹೇಳಿ. ಇಲ್ಲಾಂದ್ರೆ ನಾನು ಬುಲೋನಿನ ಒಗೆತದವರಿಗೆ ಬಟ್ಟೆ ಕೊಡ್ತೀನಿ."

ಆಕೆ ಹೋದ ಮೇಲೆ ಅತ್ತೆ ಯಾರನ್ನೂ ಏನೂ ಕೇಳಲಿಲ್ಲ. ಕೋಪವೆಲ್ಲ ವಾಸರನ ಮೇಲೆ ತಿರುಗಿತು. "ನನ್ನ ಕೊಬ್ಬು ತಿಂದು ನನ್ನ ಹಾಸಿನ ಮೇಲೇ ಕಲೆ ಹಾಕಿದ್ನಾ! ಅವನು ತೆಗೆಯಲ್ಲ ಅಂದ್ರೆ ನಾನೇ ತೆಗೀತೀನಿ." ಶನಿವಾರವೇ ಜಾವೆಲ್ ನೀರಿನ ಬಾಟಲಿಯನ್ನೂ ಗಟ್ಟಿ ಬ್ರಷ್ಷನ್ನೂ ಬುಟ್ಟಿಯಲ್ಲಿಟ್ಟುಕೊಂಡರು. ಎಂಥ ಕಲೆಯನ್ನೂ ಬಿಡಿಸುವ ನೀರು ಅದು. ಚಿತ್ರಕ್ಕೆ ತಾಗಿದರೆ ಟ್ಯಾಂಕು, ಚಿಮಣಿ, ನದಿ, ವಾಸರನ ಎರಡು ತಿಂಗಳು, ಎಲ್ಲ ಒಟ್ಟಿಗೇ ಬಿಟ್ಟುಹೋಗುತ್ತವೆ.

"ರೀ, ಈಗಾದ್ರೂ ಹೇಳ್ರೀ ಅಮ್ಮನಿಗೆ," ಎಂದಳು ಜೆಲಿ.

"ದಾರಿಯಲ್ಲಿ ಹೇಳ್ತೀನಿ," ಎಂದೆ.

ದಾರಿಯಲ್ಲಿ ನಾನು ಅತ್ತೆಗೆ ನದಿಯಲ್ಲಿ ಹಿಡಿದ ಮೀನಿನ ಕಥೆ ಹೇಳಿದೆ. ದೊಡ್ಡ ಮೀನು.

ಈಗ ಕೇಳಿ. ಹೋಟೆಲಿನಲ್ಲಿ ಅಂದು ಇಡೀ ಪ್ಯಾರಿಸ್ ನೆರೆದಿತ್ತು, ಇಬ್ಬರು ಮಂತ್ರಿಗಳೂ ಇದ್ದರು. ಅತ್ತೆ ಬಾಗಿಲಲ್ಲೇ ನಿಂತು ಚಿತ್ರದ ಕಡೆ ನೋಡಿದರು. ಬಾಟಲಿಯ ಮುಚ್ಚಳಕ್ಕೆ ಕೈ ಹಾಕಿದವರು ಹಾಗೇ ನಿಂತರು. ಆಮೇಲೆ ಸಿಡಿಲಿನಂಥ ದನಿಯಲ್ಲಿ, "ಮೂರ್ಖರೇ! ಹಿಂದೆ ಸರೀರಿ! ಇದು ಬೆಳ್ಳಗಿದೆ!" ಎಂದು ಕೂಗಿದರು. ಎಲ್ಲರೂ ಹಿಂದೆ ಸರಿದರು, ಕೆಲವರು ನದಿಗೇ ಬಿದ್ದರು. ನೋಡಿದರೆ, ಹಾಸು ಹಿಮದ ಹಾಗೆ ಬೆಳ್ಳಗೆ! ಕಣ್ಣಿದ್ದವರೆಲ್ಲರಿಗಿಂತ ಮೊದಲು ಅದನ್ನು ಕಂಡದ್ದು ನಮ್ಮ ಅತ್ತೆ! ಮದಾಮ್ ತೂಸೆ ಅವರ ಕಾಲು ಹಿಡಿದಳು. ದೋಣಿಯ ಹುಡುಗರು ಅತ್ತೆಯನ್ನು ಹೆಗಲ ಮೇಲೆ ಕೂರಿಸಿ, ಬ್ಯಾಂಡು ಬಾರಿಸುತ್ತ, ಸೇತುವೆಯ ಮೇಲೆ ಹೊತ್ತುಕೊಂಡು—

"ರೀ."

ಮುಂದಿನ ಕೋಣೆಯಿಂದ ಜೆಲಿ. ಇಸ್ತ್ರಿಯ ಸದ್ದು ನಿಂತಿದೆ.

"ಏನೇ?"

"ಯಾರ್ರೀ ಹೊತ್ತಿದ್ದು? ಒಬ್ಬನ ಹೆಸರು ಹೇಳಿ ನೋಡೋಣ."

"ದೋಣಿ ಹುಡುಗರು ಕಣೇ, ನಿನಗೆ ನೆನಪಿಲ್ಲ..."

"ಟ್ಯಾಂಕು ಹಾರಿಸಿ, ಸಿಂಹ ಕಟ್ಟಿ, ಬೇಡ ಅನ್ನಲ್ಲ. ನನ್ನ ಅಮ್ಮನ್ನ ಮಾತ್ರ ಹೊರಿಸಬೇಡಿ. ಹೇಗಾಯ್ತೋ ಹಾಗೆ ಹೇಳಿ."

ಸರಿ. ಹೇಳುತ್ತೇನೆ.

ಯಾರೂ ಹೊರಲಿಲ್ಲ. ಮಂತ್ರಿಗಳಿರಲಿಲ್ಲ. ಐದಾರು ಗಿರಾಕಿಗಳು ಮೀನು ತಿನ್ನುತ್ತಿದ್ದರು. ನಮ್ಮ ಬೀದಿಯ ಹೆಂಗಸರು ಗೋಡೆಯ ಬಳಿ ನಿಂತಿದ್ದರು. ವಾಸರ್ ಇದ್ದ. ನಮ್ಮ ಹಿಂದೆ ಜೆಲಿ, ಬೆರ್ತ್.

ಅತ್ತೆ ಬಾಗಿಲಲ್ಲಿ ನಿಂತು, "ಬೆಳ್ಳಗೇ ಇದೆಯಲ್ಲ. ಏನು ಗಲಾಟೆ ನಿಮ್ಮದು?" ಎಂದರು. ಅಷ್ಟು ನಿಜ.

ವಾಸರ್ ಓಡಿಬಂದು ಅವರ ಕೈ ಹಿಡಿದುಕೊಂಡ. "ನೋಡಿದ್ರಾ! ಇವರೊಬ್ಬರಿಗೇ ನೋಡೋದು ಗೊತ್ತಿರೋದು!" ಪಾಪ, ಅವನಿಗೆ ಬಹಳ ಸಂತೋಷವಾಗಿತ್ತು.

"ಹತ್ತಿರ ಬಂದು ಹೇಳಿ ಫಿಲೊಮೆನಮ್ಮ," ಎಂದಳು ಮದಾಮ್ ತೂಸೆ. "ನಾವೆಲ್ಲ ನೋಡಿದ ಹಾಗೆ."

ಅತ್ತೆ ಹತ್ತಿರ ಹೋದರು. ಮೂಗಿನ ತುದಿ ಚಿತ್ರಕ್ಕೆ ತಾಗುವಷ್ಟು ಬಗ್ಗಿದರು, ತಾಗಿತು ಕೂಡ. ಅಲ್ಲಿ ಬಟಾಣಿಯಷ್ಟು ದಪ್ಪ, ಇನ್ನೂ ಪೂರ್ತಿ ಒಣಗದ ಕಿತ್ತಳೆ ಚುಕ್ಕೆ ಇತ್ತು, ಪಕ್ಕದಲ್ಲಿ ನೇರಳೆ. ಅವರು ಎಡದಿಂದ ಬಲಕ್ಕೆ ನಿಧಾನವಾಗಿ, ಹಾಸನ್ನು ನೋಡಿದಂತೆಯೇ ನೋಡಿದರು.

"ಇಲ್ಲೂ ಬೆಳ್ಳಗಿದೆ," ಎಂದರು.

ಯಾರೂ ಮಾತಾಡಲಿಲ್ಲ. ನಮ್ಮ ಬೀದಿಯ ಹೆಂಗಸರೂ ಮಾತಾಡಲಿಲ್ಲ. ಒಬ್ಬಳು ಬೆರಳಿನಿಂದ ತುಟಿ ಮುಚ್ಚಿಕೊಂಡಳು. ಅತ್ತೆ ಆ ಮೌನ ಕೇಳಿಸಿಕೊಂಡರು. ನೆಟ್ಟಗೆ ನಿಂತರು.

"ಅನತೋಲ."

"ಅತ್ತೆ."

"ಇದು ಬೆಳ್ಳಗಿದೆಯಾ?"

"ಅತ್ತೆ, ಆಲ್ಪ್ಸ್ ಬೆಟ್ಟದ ಹಿಮ ಬಂದು ಇದರ ಪಕ್ಕ ನಿಂತ್ರೆ, ನಾಚ್ಕೊಂಡು..."

"ಉದ್ದ ಆಯ್ತು. ಇವರೆಲ್ಲ ಯಾವಾಗ ಸುಳ್ಳು ಹೇಳ್ತಾರೋ ನನಗೆ ತಿಳಿಯಲ್ಲ, ಮೆತ್ತಗೆ ಹೇಳ್ತಾರೆ. ನಿನ್ನದು ತಿಳಿಯುತ್ತೆ. ಗಿಡ್ಡಕ್ಕೆ ಹೇಳು."



"ಇಲ್ಲ, ಅತ್ತೆ."

"ಮನೆ ಬಟ್ಟೆ?"

"ಅದೂ ಇಲ್ಲ."

"ಯಾವಾಗಿಂದ?"

"ಚಳಿಗಾಲದಿಂದ."

"ಮತ್ತೆ ಒಗೀತಿದ್ದೋರು ಯಾರು?"

"ಜೆಲಿ. ಬೆರ್ತ್."

ಬಾಟಲಿಯನ್ನು ಅವರು ಜೆಲಿಯ ಕೈಗೆ ಕೊಟ್ಟರು. ಜೆಲಿ ಎಡಗೈಯಲ್ಲಿ ತೆಗೆದುಕೊಂಡಳು. "ಬಲಗೈ ಯಾಕೆ ಕೊಡಲ್ಲ?" ಎಂದು ಕೇಳಿ, ಅತ್ತೆಯೇ ಆ ಕೈಯನ್ನು ಹುಡುಕಿ ಹಿಡಿದು, ಕಟ್ಟಿದ್ದ ಬಟ್ಟೆಯನ್ನು ಮುಟ್ಟಿ ನೋಡಿದರು.

ಮದಾಮ್ ತೂಸೆ ಬಟ್ಟೆಯನ್ನು ಬುಲೋನಿನವರಿಗೇ ಕೊಟ್ಟಳು. ಕಾಲು ಹಿಡಿಯಲಿಲ್ಲ, ಎಲ್ಲರಿಗೂ ಒಂದೊಂದು ಲೋಟ ವೈನ್ ಕೊಟ್ಟಳು, ಅತ್ತೆ ಕುಡಿಯಲಿಲ್ಲ. ಚಿತ್ರವನ್ನು ಯಾರೂ ಕೊಳ್ಳಲಿಲ್ಲ. ವಾಸರ್ ಮುಂದಿನ ವಾರ ಅದನ್ನು ತಳ್ಳುಗಾಡಿಯಲ್ಲಿ ಹಾಕಿಕೊಂಡು ಹೋದ. ಈಗ ಯಾರ ಮನೆಯಲ್ಲಿದೆಯೋ ನನಗೆ ಗೊತ್ತಿಲ್ಲ.

ನಾವು ನಡೆದೇ ಮನೆಗೆ ಬಂದೆವು. ಸೇತುವೆಯ ಮೇಲೆ ಅತ್ತೆ ಹೇಳಿದರು: "ಜೆಲಿ, ನಾಳೆಯಿಂದ ಕಿಟಕಿ ಹತ್ತಿರ ನೀನು ಕೂತ್ಕೋ."

"ಬೇಡ ಅಮ್ಮ, ನೀನೇ ಕೂತ್ಕೋ. ನಾನು ನಿನ್ನ ಪಕ್ಕದಲ್ಲಿ..."

"ಕುರ್ಚಿ ಒಂದೇ ಇರೋದು."

ಸೇತುವೆ ದಾಟಿದೆವು. ಆಮೇಲೆ ಬೆರ್ತ್ ಮುಂದೆ ಬಂದು ಅತ್ತೆಯನ್ನು ನಿಲ್ಲಿಸಿ, ತನ್ನ ಕರವಸ್ತ್ರದಿಂದ ಅವರ ಮೂಗಿನ ತುದಿಯನ್ನು ಮೆಲ್ಲಗೆ ಒರೆಸಿದಳು.

"ಏನೇ ಅದು?"

"ಏನಿಲ್ಲ ಅಜ್ಜಿ."

ಅತ್ತೆ ನನ್ನ ಕಡೆ ಮುಖ ತಿರುಗಿಸಿದರು.

"ಬಣ್ಣ, ಅತ್ತೆ," ಎಂದೆ. "ಕಿತ್ತಳೆ. ಚಿತ್ರದಿಂದ ಹತ್ತಿದ್ದು."

"ಅಲ್ಲಿ ಎಲ್ಲರ ಮುಂದೆ ನಿಂತಿದ್ದಾಗಲೂ ಇತ್ತಾ?"

"ಇತ್ತು."